ಹಿಮದ ಮೇಲೆ ಓಡಿದ ಮಾರಿಟ್

ಅಕ್ಕಂದಿರೇ, ನೀವು ಹಿಮ ನೋಡಿದ್ದೀರಾ?

ನಾನೂ ನೋಡಿಲ್ಲ. ಟಿ.ವಿ.ಯಲ್ಲಿ ನೋಡಿದ್ದೇನೆ, ಅಷ್ಟೆ. ಆಲಿಕಲ್ಲು ಮಳೆ ನಮಗೆಲ್ಲ ಗೊತ್ತು. ಅಂಗಳದಲ್ಲಿ ಬಿದ್ದ ಬಿಳಿ ಕಲ್ಲನ್ನು ಆರಿಸಿ ಬಾಯಿಗೆ ಹಾಕಿಕೊಂಡಿದ್ದೇವೆ. ಆಲಿಕಲ್ಲು ಗಟ್ಟಿ. ಹಿಮ ಹಾಗಲ್ಲ. ಹಿಂಜಿದ ಹತ್ತಿಯ ಹಾಗೆ ಮೆತ್ತಗೆ, ಸದ್ದಿಲ್ಲದೆ ಬೀಳುತ್ತದೆ. ರಾತ್ರಿಯೆಲ್ಲ ಬಿದ್ದರೆ ಬೆಳಿಗ್ಗೆ ಹೊಲ, ದಾರಿ, ಮನೆಯ ಸೂರು ಎಲ್ಲಾ ಒಂದೇ ಬಿಳುಪು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ.

ಅಂಥ ಕಡೆ ಜನ ಹೇಗೆ ನಡೆಯುತ್ತಾರೆ? ಕಾಲಿಗೆ ಹಲಗೆ ಕಟ್ಟಿಕೊಂಡು ನಡೆಯುತ್ತಾರೆ. ಆ ಹಲಗೆಗೆ ಸ್ಕೀ ಅಂತ ಹೆಸರು. ಅಗಲ ಮೂರು ನಾಲ್ಕು ಬೆರಳಷ್ಟು. ಉದ್ದ ಮಾತ್ರ ಒಂದು ಆಳಿಗಿಂತ ಹೆಚ್ಚು. ಮೈಭಾರ ಉದ್ದಕ್ಕೂ ಹಂಚಿಹೋಗುವುದರಿಂದ ಕಾಲು ಹೂಳುವುದಿಲ್ಲ. ಎರಡು ಕೈಯಲ್ಲಿ ಎರಡು ಕೋಲು. ಕೋಲು ಊರಿ ತಳ್ಳಬೇಕು, ಕಾಲಿನಿಂದ ಒದೆಯಬೇಕು, ಜಾರಿಕೊಂಡು ಮುಂದೆ ಹೋಗಬೇಕು.

ಹಿಂದೆ ಇದು ದಾರಿ ನಡೆಯುವ ಉಪಾಯವಾಗಿತ್ತು. ಕಾಡಿಗೆ ಹೋಗಲು, ಪಕ್ಕದ ಊರಿಗೆ ಹೋಗಲು ಬೇಕಾಗಿತ್ತು. ಆಮೇಲೆ ಪಂದ್ಯವಾಯಿತು. ಬರೀ ಇಳಿಜಾರಿನಲ್ಲಿ ಜಾರಿ ಬರುವ ಪಂದ್ಯ ಬೇರೆ ಇದೆ. ನಾನು ಹೇಳುವುದು ಅದಲ್ಲ. ಇದು ದೂರದ ಓಟ. ಗುಡ್ಡ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಹತ್ತು, ಹದಿನೈದು, ಮೂವತ್ತು ಕಿಲೋಮೀಟರ್. ಮೈಯಲ್ಲಿ ಕಸುವು ಬೇಕು, ಎದೆಯಲ್ಲಿ ದಮ್ಮು ಬೇಕು.

ಈ ಓಟದಲ್ಲಿ ಹೆಸರು ಮಾಡಿದ ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ಆಕೆಯ ಹೆಸರು ಮಾರಿಟ್ ಬ್ಯೋರ್ಗೆನ್. ಓದಲು ಕಷ್ಟವಾದರೆ ಬಿಡಿಸಿ ಓದಿ. ಬ್ಯೋರ್... ಗೆನ್. ನಮ್ಮ ಹೆಸರುಗಳೂ ಆಕೆಗೆ ಇಷ್ಟೇ ಕಷ್ಟ ಆದಾವು!

ರೈತರ ಮನೆಯ ಹುಡುಗಿ

ಮಾರಿಟ್ ನಾರ್ವೆ ದೇಶದವಳು. ನಾರ್ವೆ ಯುರೋಪಿನ ಉತ್ತರ ತುದಿಯಲ್ಲಿದೆ. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ. ಅಂದರೆ ಇಡೀ ದೇಶದ ಜನ ಸೇರಿದರೂ ನಮ್ಮ ಬೆಂಗಳೂರಿನ ಜನಕ್ಕಿಂತ ಕಡಿಮೆ. ಅಲ್ಲಿ ಚಳಿಗಾಲ ಬಹಳ ಉದ್ದ. ಹಗಲು ಚಿಕ್ಕದು. ನಾವು ಸ್ಕೀ ಕಟ್ಟಿಕೊಂಡೇ ಹುಟ್ಟುತ್ತೇವೆ ಅಂತ ಅಲ್ಲಿನವರು ತಮಾಷೆ ಮಾಡುತ್ತಾರೆ.

ಮಾರಿಟ್ ಹುಟ್ಟಿದ್ದು 1980ರ ಮಾರ್ಚ್ 21ರಂದು, ಟ್ರೋಂಡ್‌ಹೈಮ್ ಎಂಬ ಪಟ್ಟಣದಲ್ಲಿ. ಬೆಳೆದದ್ದು ರೋಗ್ನೆಸ್ ಎಂಬ ಹಳ್ಳಿಯಲ್ಲಿ, ರೈತರ ಮನೆಯಲ್ಲಿ. ಹಳ್ಳಿಯ ಮಕ್ಕಳ ಜೊತೆ ಸ್ಕೀ ಕಲಿತಳು. ಓಟದಲ್ಲಿ ಮುಂದೆ ಬಂದಳು. 2002ರಲ್ಲಿ, 21 ವರ್ಷದವಳಿದ್ದಾಗ, ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಹೋದಳು. ಅಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು. ಒಲಿಂಪಿಕ್ಸ್ ಎಂದರೆ ಎಲ್ಲ ದೇಶದವರು ಸೇರುವ ದೊಡ್ಡ ಪಂದ್ಯ. ಬೇಸಿಗೆಯದು ಬೇರೆ, ಚಳಿಗಾಲದ್ದು ಬೇರೆ. ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಗೆದ್ದವರಿಗೆ ಚಿನ್ನದ ಪದಕ. ಎರಡನೆಯವರಿಗೆ ಬೆಳ್ಳಿ, ಮೂರನೆಯವರಿಗೆ ಕಂಚು. ಆ ಸಲ ಮಾರಿಟ್ ಇದ್ದ ನಾರ್ವೆ ತಂಡಕ್ಕೆ ಬೆಳ್ಳಿ ಬಂತು.

ಹಲಗೆಯ ಗುಟ್ಟು

ಮುಂದಿನ ಕಥೆಗೆ ಮೊದಲು ಸ್ಕೀಯ ಗುಟ್ಟು ಹೇಳಬೇಕು. ನನಗೂ ಇದು ಮೊದಲು ಗೊತ್ತಿರಲಿಲ್ಲ. ಗೊತ್ತಾದಾಗ ಆಶ್ಚರ್ಯ ಆಯಿತು.

ಹಲಗೆ ಜಾರಬೇಕು, ನಿಜ. ಆದರೆ ಗುಡ್ಡ ಹತ್ತುವಾಗ ಜಾರಿದರೆ ಏನು ಗತಿ? ಹಿಂದಕ್ಕೇ ಬರಬೇಕಾಗುತ್ತದೆ. ಅಂದರೆ ಒಂದೇ ಹಲಗೆ ಜಾರಲೂ ಬೇಕು, ಹಿಡಿಯಲೂ ಬೇಕು. ಇದು ಹೇಗೆ?

ಸ್ಕೀಯನ್ನು ನೆಲದ ಮೇಲೆ ಇಟ್ಟು ನೋಡಿದರೆ ನಡುಭಾಗ ಕಮಾನಿನ ಹಾಗೆ ಸ್ವಲ್ಪ ಮೇಲೆದ್ದಿರುತ್ತದೆ. ಆ ನಡುಭಾಗದ ಅಡಿಗೆ ಅಂಟುವ ಮೇಣ ಬಳಿಯುತ್ತಾರೆ. ತುದಿಗಳಿಗೆ ಜಾರುವ ಮೇಣ ಬಳಿಯುತ್ತಾರೆ. ಓಡುವವಳು ಒಂದು ಕಾಲನ್ನು ಜೋರಾಗಿ ಒತ್ತಿದಾಗ ಕಮಾನು ತಗ್ಗುತ್ತದೆ. ಅಂಟು ಮೇಣ ಹಿಮಕ್ಕೆ ತಾಗುತ್ತದೆ, ಹಿಡಿಯುತ್ತದೆ. ಆ ಹಿಡಿತದಿಂದ ಆಕೆ ಮುಂದಕ್ಕೆ ಚಿಮ್ಮುತ್ತಾಳೆ. ಭಾರ ಬಿಟ್ಟ ಕೂಡಲೆ ಕಮಾನು ಮೇಲೇಳುತ್ತದೆ. ಆಗ ತುದಿಗಳು ಮಾತ್ರ ತಾಗಿ ಹಲಗೆ ಜಾರುತ್ತದೆ. ಒತ್ತು, ಚಿಮ್ಮು, ಜಾರು. ಒತ್ತು, ಚಿಮ್ಮು, ಜಾರು. ಇದು ಹಳೆಯ ಪದ್ಧತಿಯ ಓಟ. ಕಾಲನ್ನು ಪಕ್ಕಕ್ಕೆ ಒದ್ದು, ಅತ್ತ ಇತ್ತ ವಾಲುತ್ತಾ ಹೋಗುವ ಇನ್ನೊಂದು ಪದ್ಧತಿಯೂ ಇದೆ. ಅದು ಇನ್ನೂ ವೇಗ. ಅದಕ್ಕೆ ಅಂಟು ಮೇಣ ಬೇಡ.

ಹಿಮ ದಿನಕ್ಕೊಂದು ಥರ ಇರುತ್ತದೆ. ಹೊಸ ಹಿಮಕ್ಕೆ ಒಂದು ಮೇಣ, ಕರಗಿ ಹೆಪ್ಪುಗಟ್ಟಿದ ಹಿಮಕ್ಕೆ ಇನ್ನೊಂದು. ಹದ ತಪ್ಪಿದರೆ ಎಂಥ ಓಟಗಾರ್ತಿಯೂ ಹಿಂದೆ ಬೀಳುತ್ತಾಳೆ. 2014ರ ಒಲಿಂಪಿಕ್ಸ್ ರಷ್ಯಾದ ಸೋಚಿಯಲ್ಲಿ ನಡೆಯಿತು. ನಾಲ್ವರು ಹೆಂಗಸರು ಒಬ್ಬರ ನಂತರ ಒಬ್ಬರು ಓಡುವ ಪಂದ್ಯದಲ್ಲಿ ನಾರ್ವೆ ತಂಡವೇ ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮಾರಿಟ್ ಕೂಡ ಆ ತಂಡದಲ್ಲಿದ್ದಳು. ಆದರೆ ಆ ದಿನ ಅವರ ಸ್ಕೀ ಸರಿಯಾಗಿ ಜಾರಲೇ ಇಲ್ಲ. ಬಂದದ್ದು ಐದನೆಯ ಸ್ಥಾನ. ಮಡಕೆ ಮಾಡುವವಳಿಗೆ ಮಣ್ಣಿನ ಹದ ಹೇಗೋ, ಇವರಿಗೆ ಮೇಣದ ಹದ ಹಾಗೆ.

ಸೋಲಿನ ವರ್ಷಗಳು

ಮಾರಿಟ್ ಒಂದೇ ಸಮನೆ ಗೆಲ್ಲುತ್ತಾ ಬಂದಳು ಅಂತ ತಿಳಿಯಬೇಡಿ. 2005ರಲ್ಲಿ ಜರ್ಮನಿಯಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಆಕೆ ಮೂರು ಚಿನ್ನ ಗೆದ್ದಳು. ಇನ್ನೇನು, ಮುಂದಿನ ವರ್ಷದ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಾಚಿಕೊಂಡು ಬರುತ್ತಾಳೆ ಅಂತ ಜನ ಕಾದರು. 2006ರಲ್ಲಿ ಇಟಲಿಯ ಟ್ಯೂರಿನ್‌ನಿಂದ ಆಕೆ ತಂದದ್ದು ಒಂದೇ ಒಂದು ಬೆಳ್ಳಿ.

ಆಮೇಲೆ ಇನ್ನೂ ಇಳಿಮುಖ. 2009ರ ವಿಶ್ವ ಪಂದ್ಯದಲ್ಲಂತೂ ಒಂದು ಪದಕವೂ ಇಲ್ಲ. ಬರಿಗೈ. ಆಗ ಆಕೆಗೆ ಸುಮಾರು 29 ವರ್ಷ. ಒಲಿಂಪಿಕ್ಸ್ ಚಿನ್ನ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಮಾರಿಟ್ ಬಿಡಲಿಲ್ಲ. 2010ರ ಒಲಿಂಪಿಕ್ಸ್ ಕೆನಡಾದ ವ್ಯಾಂಕೂವರ್‌ನಲ್ಲಿ. ಅಲ್ಲಿ ಆಕೆ ಐದು ಪಂದ್ಯದಲ್ಲಿ ಓಡಿದಳು, ಐದರಲ್ಲೂ ಪದಕ ಬಂತು. ಮೂರು ಚಿನ್ನ, ಒಂದು ಬೆಳ್ಳಿ, ಒಂದು ಕಂಚು. ಆ ಬೆಳ್ಳಿಯ ಕಥೆ ಕೇಳಿ. ಅದು 30 ಕಿಲೋಮೀಟರಿನ ಓಟ. ಮಾರಿಟ್ ಮತ್ತು ಪೋಲೆಂಡಿನ ಯುಸ್ತಿನಾ ಕೊವಾಲ್ಚಿಕ್ ಕೊನೆಯವರೆಗೂ ಜಿದ್ದಿಗೆ ಬಿದ್ದರು. ಗೆದ್ದವಳು ಯುಸ್ತಿನಾ. ಅಂತರ ಎಷ್ಟು ಗೊತ್ತೇ? ಒಂದು ಸೆಕೆಂಡನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು! ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು.

ಮಾರಿಟ್‌ಗೆ ಉಬ್ಬಸದ ತೊಂದರೆ ಇತ್ತು. ಆಕೆ ಉಬ್ಬಸಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಳು. ಪಂದ್ಯದಲ್ಲಿ ಕೆಲವು ಔಷಧಗಳಿಗೆ ಮೊದಲೇ ಅನುಮತಿ ಪಡೆಯಬೇಕು. ಆಕೆ ಪಡೆದಿದ್ದಳು. ಆದರೂ ಇದು ಸರಿಯಲ್ಲ ಅಂತ ಯುಸ್ತಿನಾ ಬಹಿರಂಗವಾಗಿಯೇ ಹೇಳಿದಳು. ಆ ಬಗ್ಗೆ ಬಹಳ ಚರ್ಚೆ ನಡೆಯಿತು. ನಿಯಮ ಮುರಿದಿದ್ದಾಳೆ ಅಂತ ಮಾರಿಟ್‌ಗೆ ಯಾರೂ ಶಿಕ್ಷೆ ಕೊಡಲಿಲ್ಲ.

ವರ್ಷಕ್ಕೆ 937 ಗಂಟೆ

ಆಕೆ ದಿನವೂ ಏನು ಮಾಡುತ್ತಿದ್ದಳು? ಮಾರಿಟ್ ತನ್ನ ಅಭ್ಯಾಸವನ್ನು ದಿನದಿನವೂ ಬರೆದಿಡುತ್ತಿದ್ದಳು. ಎಷ್ಟು ಹೊತ್ತು ಓಡಿದೆ, ಎಷ್ಟು ವೇಗವಾಗಿ ಓಡಿದೆ, ಎಲ್ಲಾ ಲೆಕ್ಕ. ನಾರ್ವೆಯ ವಿಜ್ಞಾನಿಗಳು ಆ 17 ವರ್ಷಗಳ ಲೆಕ್ಕ ತೆಗೆದು ನೋಡಿ 2017ರಲ್ಲಿ ಪ್ರಕಟಿಸಿದರು.

20ನೇ ವಯಸ್ಸಿನಲ್ಲಿ ಆಕೆ ವರ್ಷಕ್ಕೆ 522 ಗಂಟೆ ಅಭ್ಯಾಸ ಮಾಡುತ್ತಿದ್ದಳು. ನಿಧಾನವಾಗಿ ಏರಿಸುತ್ತಾ ಹೋದಳು. ಬಹಳ ಚೆನ್ನಾಗಿ ಗೆದ್ದ ಐದು ವರ್ಷಗಳಲ್ಲಿ ಅದು ಸರಾಸರಿ 937 ಗಂಟೆ. ಅಂದರೆ ವಾರಕ್ಕೆ 18 ಗಂಟೆ. ಬೇಸಿಗೆಯಲ್ಲಿ ಹಿಮ ಇರುವುದಿಲ್ಲವಲ್ಲ, ಆಗ? ಗಾಲಿ ಇರುವ ಚಿಕ್ಕ ಸ್ಕೀ ಕಟ್ಟಿಕೊಂಡು ಟಾರು ರಸ್ತೆಯ ಮೇಲೆ ಓಡುವುದು. ಗುಡ್ಡ ಹತ್ತಿ ಇಳಿಯುವುದು. ಭಾರ ಎತ್ತುವುದು. ಕೋಲಿನಿಂದ ತಳ್ಳಲು ತೋಳು, ಬೆನ್ನು ಗಟ್ಟಿ ಇರಬೇಕು.

ಆ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಏದುಸಿರು ಬರುವ ಹಾಗೆ ಜೋರಾಗಿ ಓಡಿದ್ದು ಬಹಳ ಕಡಿಮೆ. ದೂರದ ಅಭ್ಯಾಸದ 100 ಗಂಟೆಯಲ್ಲಿ 90ಕ್ಕೂ ಹೆಚ್ಚು ಗಂಟೆ ನಿಧಾನದ ಓಟವೇ. ಪಕ್ಕದವಳ ಜೊತೆ ಮಾತಾಡುತ್ತಾ ಹೋಗಬಹುದಾದಷ್ಟು ನಿಧಾನ. ಹೀಗೆ ದೀರ್ಘಕಾಲ ಮಾಡಿದರೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ. ಮಾಂಸಖಂಡ ದಣಿಯದೆ ದುಡಿಯುವುದನ್ನು ಕಲಿಯುತ್ತದೆ.

"ಅಯ್ಯೋ, ವಾರಕ್ಕೆ 18 ಗಂಟೆ ಏನು ಮಹಾ? ನಾವು ಎರಡೇ ದಿನದಲ್ಲಿ ಅಷ್ಟು ದುಡಿಯುತ್ತೇವೆ" ಅಂತ ನೀವು ಅನ್ನಬಹುದು. ನಿಮ್ಮ ಮಾತು ಸುಳ್ಳಲ್ಲ. ಕಳೆ ಕೀಳುವುದು, ನೀರು ಹೊರುವುದು, ಸೌದೆ ತರುವುದು ಇದಕ್ಕಿಂತ ಹಗುರ ಅಂತ ನಾನು ಹೇಳಲಾರೆ. ಆದರೆ ಒಂದು ವ್ಯತ್ಯಾಸ ಇದೆ. ಮಾರಿಟ್ ದಣಿದ ಮೇಲೆ ಮಲಗುತ್ತಿದ್ದಳು, ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಅದೂ ಅಭ್ಯಾಸದ ಒಂದು ಭಾಗ. ದುಡಿದ ಮೈಗೆ ಊಟ, ನಿದ್ದೆ ಸಿಕ್ಕಾಗ ಮಾತ್ರ ಅದು ಮೊದಲಿಗಿಂತ ಗಟ್ಟಿಯಾಗುತ್ತದೆ. ಸಿಗದಿದ್ದರೆ ಸವೆಯುತ್ತದೆ. ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳಿಗೆ ಯಾವ ತರಬೇತುದಾರನೂ ಪದಕ ಗೆಲ್ಲಿಸಲಾರ.

ಬಸಿರು, ಬಾಣಂತನ

2014ರಲ್ಲಿ ಮಾರಿಟ್ ಮತ್ತೆ ಮೂರು ಒಲಿಂಪಿಕ್ಸ್ ಚಿನ್ನ ಗೆದ್ದಳು. ಒಟ್ಟು ಹತ್ತು ಪದಕ ಆಯಿತು. ಮರುವರ್ಷ ಬಸಿರಿಯಾದಳು. ಆಕೆಗೆ 35 ವರ್ಷ. ಆ ಚಳಿಗಾಲದ ಪಂದ್ಯಗಳನ್ನೆಲ್ಲ ಬಿಟ್ಟಳು. 2015ರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿತು.

ಇನ್ನು ಮುಗಿಯಿತು ಬಿಡಿ ಅಂತ ಅನ್ನಿಸುತ್ತದೆ ಅಲ್ಲವೇ? ಈ ವಯಸ್ಸು, ಕೈಯಲ್ಲಿ ಮಗು. ಎಳೆಯ ಹುಡುಗಿಯರು ಹಿಂದಿನಿಂದ ಓಡಿ ಬರುತ್ತಿದ್ದಾರೆ.

ಬಸಿರಿನಲ್ಲಿ ಆಕೆ ಅಭ್ಯಾಸವನ್ನು ಪೂರ್ತಿ ಬಿಡಲಿಲ್ಲ. ಹೆಚ್ಚಿನದು ನಿಧಾನದ ಅಭ್ಯಾಸ. ದಿನ ತುಂಬುತ್ತಾ ಬಂದಾಗ ಇನ್ನೂ ಕಡಿಮೆ ಮಾಡಿದಳು. ಇಲ್ಲಿ ಒಂದು ಮಾತು. ಇದನ್ನು ಓದಿ ಯಾರೂ ಬಸಿರಿನಲ್ಲಿ ಓಡಲು ಹೋಗಬೇಡಿ! ಆಕೆಯ ಮೈ ಹದಿನೈದು ವರ್ಷದಿಂದ ಪಳಗಿತ್ತು.

ಹೆರಿಗೆಯ ನಂತರವೂ ಸಲೀಸಾಗಿ ಆಗಲಿಲ್ಲ. ಬೆನ್ನಿನ ಬುಡದ ಮೂಳೆಯಲ್ಲಿ ಬಿರುಕು ಕಾಣಿಸಿತು. ಅಂಥ ಗಟ್ಟಿ ಮೈಗೂ ಬಾಣಂತನ ಸುಲಭ ಅಲ್ಲ. ಬಸಿರು ಮತ್ತು ಹಾಲೂಡಿಸುವ ಕಾಲದಲ್ಲಿ ತಾಯಿಯ ಮೂಳೆಯ ಸುಣ್ಣದ ಅಂಶ ಕೂಸಿಗೆ ಹೋಗುತ್ತದೆ. ಆಕೆ ಅಭ್ಯಾಸ ತಗ್ಗಿಸಿದಳು. ಮೂಳೆ ಕೂಡಿಕೊಳ್ಳುವವರೆಗೆ ಕಾದಳು. ಆಮೇಲೆ ಮತ್ತೆ ಮೊದಲಿನಿಂದ ಶುರು. ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಳು.

2017ರ ವಿಶ್ವ ಪಂದ್ಯ ಫಿನ್ಲೆಂಡಿನ ಲಾಹ್ತಿಯಲ್ಲಿ ನಡೆಯಿತು. ಮಗುವಿಗೆ ಆಗ ಒಂದು ವರ್ಷ ಎರಡು ತಿಂಗಳು. ತಾಯಿ ನಾಲ್ಕು ಚಿನ್ನ ಗೆದ್ದಳು.

ಕೊನೆಯ ದಿನದ ಓಟ

2018ರ ಫೆಬ್ರವರಿ. ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಒಲಿಂಪಿಕ್ಸ್. ಮಾರಿಟ್‌ಗೆ 37 ವರ್ಷ. ಅದು ಆಕೆಯ ಐದನೆಯ ಒಲಿಂಪಿಕ್ಸ್.

ಮೊದಲು ಒಂದು ಬೆಳ್ಳಿ ಬಂತು. ಆಮೇಲೆ ಒಂದು ಕಂಚು. ನಾಲ್ವರ ಓಟದಲ್ಲಿ ಕೊನೆಯ ಸರದಿ ಆಕೆಯದು. ಸ್ವೀಡನ್ನಿನ ಸ್ಟೀನಾ ನಿಲ್ಸನ್ ಪಕ್ಕದಲ್ಲೇ ಇದ್ದಳು. ಆಕೆ ಮಾರಿಟ್‌ಗಿಂತ ಹದಿಮೂರು ವರ್ಷ ಚಿಕ್ಕವಳು. ಕೊನೆಯಲ್ಲಿ ಮಾರಿಟ್ ಎರಡೇ ಸೆಕೆಂಡಿನಿಂದ ಮುಂದೆ ಬಂದಳು. ಚಿನ್ನ. ಆಮೇಲೆ ಇಬ್ಬರ ಓಟದಲ್ಲಿ ಇನ್ನೊಂದು ಕಂಚು. ಒಟ್ಟು ಹದಿನಾಲ್ಕು ಪದಕ ಆಯಿತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಲ್ಲಿಯವರೆಗೆ ಅತಿ ಹೆಚ್ಚು ಪದಕ ಗೆದ್ದವನು ನಾರ್ವೆಯದೇ ಒಬ್ಬ ಗಂಡಸು. ಅವನು ಗೆದ್ದದ್ದು ಹದಿಮೂರು.

ಫೆಬ್ರವರಿ 25 ಕೊನೆಯ ದಿನ. 30 ಕಿಲೋಮೀಟರ್ ಓಟ, ಹಳೆಯ ಪದ್ಧತಿಯದು. ವ್ಯಾಂಕೂವರಿನಲ್ಲಿ ರೆಪ್ಪೆ ಬಡಿಯುವಷ್ಟರಲ್ಲಿ ಕೈತಪ್ಪಿತ್ತಲ್ಲ, ಅದೇ ಓಟ. ಎಲ್ಲರೂ ಒಟ್ಟಿಗೆ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಮಾರಿಟ್ ಗುಂಪು ಬಿಟ್ಟು ಮುಂದೆ ಹೋದಳು. ಯಾರೂ ಹಿಂಬಾಲಿಸಲು ಆಗಲಿಲ್ಲ. ಒಬ್ಬಳೇ ಗುಡ್ಡ ಹತ್ತಿದಳು, ಒಬ್ಬಳೇ ಇಳಿದಳು.

ನಾವು ನೀವು ಬಿರುಸಾಗಿ ನಡೆದರೂ 30 ಕಿಲೋಮೀಟರಿಗೆ ಆರು ಗಂಟೆ ಬೇಕು. ಆಕೆ 1 ಗಂಟೆ 22 ನಿಮಿಷ 17 ಸೆಕೆಂಡಿನಲ್ಲಿ ಮುಗಿಸಿದಳು. ಎರಡನೆಯವಳು ಫಿನ್ಲೆಂಡಿನ ಕ್ರಿಸ್ತಾ ಪಾರ್ಮಾಕೋಸ್ಕಿ. ಅವಳು ಬರುವ ಹೊತ್ತಿಗೆ ಇನ್ನೂ 1 ನಿಮಿಷ 49 ಸೆಕೆಂಡ್ ಕಳೆದಿತ್ತು. ಅಷ್ಟು ಹೊತ್ತು ಮಾರಿಟ್ ಗುರಿಯ ಆಚೆ ಒಬ್ಬಳೇ ಇದ್ದಳು.

ಅದು ಹದಿನೈದನೆಯ ಪದಕ. ಎಂಟು ಚಿನ್ನ, ನಾಲ್ಕು ಬೆಳ್ಳಿ, ಮೂರು ಕಂಚು. ಆ ವರ್ಷ ಏಪ್ರಿಲ್‌ನಲ್ಲಿ ಆಕೆ ಪಂದ್ಯಗಳಿಂದ ನಿವೃತ್ತಿ ಹೇಳಿದಳು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹೆಣ್ಣಾಗಲಿ ಗಂಡಾಗಲಿ ಬೇರೆ ಯಾರೂ ಇಷ್ಟು ಪದಕ ಗೆದ್ದಿಲ್ಲ. ಹದಿನೈದರಲ್ಲಿ ಐದು ಪದಕ ಬಂದದ್ದು ತಾಯಿಯಾದ ಮೇಲೆ.

ಎಷ್ಟು ದೂರ ಓಡಬಹುದು?

ಮಾರಿಟ್ ಓಡಿದ ಅತಿ ದೂರದ ಒಲಿಂಪಿಕ್ಸ್ ಓಟ 30 ಕಿಲೋಮೀಟರ್. ಗಂಡಸರಿಗೆ ಮಾತ್ರ 50 ಇತ್ತು. ಯಾಕೆ?

ಚಳಿಗಾಲದ ಒಲಿಂಪಿಕ್ಸ್ ಶುರುವಾದದ್ದು 1924ರಲ್ಲಿ, ಫ್ರಾನ್ಸ್ ದೇಶದಲ್ಲಿ. ಆಗಲೇ ಗಂಡಸರು 50 ಕಿಲೋಮೀಟರ್ ಓಡಿದರು. ಹೆಂಗಸರಿಗೆ ಒಂದು ಓಟವೂ ಇರಲಿಲ್ಲ. ದೂರ ಓಡಿದರೆ ಹೆಣ್ಣಿನ ಮೈಗೆ ಕೆಡುಕು, ಹೆರುವ ಶಕ್ತಿ ಹೋಗುತ್ತದೆ ಅಂತ ಆ ಕಾಲದ ವೈದ್ಯರೇ ಹೇಳುತ್ತಿದ್ದರು. ವಿಚಿತ್ರ ನೋಡಿ. ಆ ದೇಶಗಳಲ್ಲೂ ಹೆಂಗಸರು ಹೊಲದಲ್ಲಿ ದುಡಿಯುತ್ತಿದ್ದರು. ಹಿಮದಲ್ಲಿ ಸೌದೆ ಹೊರುತ್ತಿದ್ದರು. ಅದರಿಂದ ಕೆಡುಕು ಅಂತ ಯಾರೂ ಹೇಳಲಿಲ್ಲ.

ಹೆಂಗಸರ ಸ್ಕೀ ಓಟ ಒಲಿಂಪಿಕ್ಸ್‌ಗೆ ಬಂದದ್ದು 1952ರಲ್ಲಿ, ನಾರ್ವೆಯ ಓಸ್ಲೋ ನಗರದಲ್ಲಿ. ಹತ್ತೇ ಕಿಲೋಮೀಟರ್. ಗೆದ್ದವಳು ಫಿನ್ಲೆಂಡಿನ ಲಿಡಿಯಾ ವಿಡೆಮನ್. ಆಕೆ 98 ವರ್ಷ ಬದುಕಿ 2019ರಲ್ಲಿ ತೀರಿಕೊಂಡಳು. 1984ರಲ್ಲಿ ಹೆಂಗಸರ ಓಟ 20 ಕಿಲೋಮೀಟರ್ ಆಯಿತು, 1992ರಲ್ಲಿ 30. ಗಂಡಸರಿಗೂ ಹೆಂಗಸರಿಗೂ ದೂರ ಒಂದೇ ಇರಲಿ ಅಂತ ಸ್ಕೀ ಪಂದ್ಯ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ 2022ರಲ್ಲಿ ತೀರ್ಮಾನಿಸಿತು. 2026ರ ಇಟಲಿಯ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೂ 50 ಕಿಲೋಮೀಟರ್ ಓಟ ಬಂತು. ಲೆಕ್ಕ ಹಾಕಿ ನೋಡಿ. 1924ರಿಂದ 2026. ನೂರ ಎರಡು ವರ್ಷ.

ಹಿಮವಿಲ್ಲದ ನಮ್ಮ ನಾಡಿನವರು ಯಾರಾದರೂ ಈ ಓಟ ಓಡಿದ್ದಾರಾ? ಓಡಿದ್ದಾರೆ. ಕೊಡಗಿನ ತೆಕ್ಕಡ ನಂಜುಂಡ ಭವಾನಿ. ಕೊಡಗಿನಲ್ಲಿ ಮಳೆ ಹೊಯ್ಯುತ್ತದೆ, ಮಂಜು ಕವಿಯುತ್ತದೆ, ಹಿಮ ಬೀಳುವುದಿಲ್ಲ. ಆದರೂ ಭವಾನಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀ ಓಡಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾಳೆ. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ಐದು ಕಿಲೋಮೀಟರ್ ಓಟದಲ್ಲಿ ಭಾರತಕ್ಕಾಗಿ ಓಡಿ ಕಂಚು ಗೆದ್ದಳು. ತೆಗೆದುಕೊಂಡ ಹೊತ್ತು ಸುಮಾರು 21 ನಿಮಿಷ. ಚಿಲಿ ಭೂಮಿಯ ಕೆಳಗಿನ ಅರ್ಧದಲ್ಲಿದೆ. ನಮ್ಮಲ್ಲಿ ಮಳೆಗಾಲ ಇರುವಾಗ ಅಲ್ಲಿ ಚಳಿಗಾಲ.